ಚೌಕಳಿ ಅಂಗಿಗೆ ಹಗ್ಗ ಇಲ್ಲವಂತೆ

ಸ್ಕಾಟ್ಲೆಂಡಿನ ಕಿಲ್ಡೊರಿಯ ಹೋಟೆಲಿನವರು ಬಾಗಿಲಿಗೆ ಬೋರ್ಡು ತಗುಲಿಸಿದ ವರ್ಷ ಫಾರ್ಕರ್ ಮ್ಯಾಕ್ರೇಗೆ ಮೂವತ್ತೂ ತುಂಬಿರಲಿಲ್ಲ. ಕಿಲ್ಟ್, ಅಂದರೆ ಗಂಡಸರು ಉಡುವ ಮೊಣಕಾಲುದ್ದದ ನೆರಿಗೆ ಲಂಗ, ಉಟ್ಟು ಬರುವವರು ಮೇಲೆ ಕೋಟು, ಟೈ ಧರಿಸಿರಲೇಬೇಕು ಎಂದು ಆ ಬೋರ್ಡು ಹೇಳುತ್ತಿತ್ತು. ಅಂದು ಶನಿವಾರ, ಒಳಗೆ ಕುಣಿತ ಶುರುವಾಗಿತ್ತು. ಫಾರ್ಕರ್ ಮತ್ತು ಅವನ ಜೊತೆಗಾರ ಅಲಿಕ್ ಮ್ಯಾಥೆಸನ್ ಕಾಡಿನ ಕೆಲಸ ಮುಗಿಸಿ, ಮೈ ತೊಳೆದು, ಒಗೆದ ಚೌಕಳಿ ಅಂಗಿ ತೊಟ್ಟು, ತೋಳು ಮಡಚಿಕೊಂಡು, ದಿನಾ ಉಡುವ ಕಿಲ್ಟನ್ನೇ ಉಟ್ಟು ಬಂದಿದ್ದರು. ಬಾಗಿಲಲ್ಲಿದ್ದವನು ಕೈ ಅಡ್ಡ ಹಿಡಿದ. ಅಷ್ಟರಲ್ಲಿ ಮಾಸಿದ ಪ್ಯಾಂಟು, ಕಂಕುಳಲ್ಲಿ ಹರಿದ ಟೀ ಶರ್ಟು ಹಾಕಿದ್ದ ಮೀನು ಲಾರಿಯ ಡ್ರೈವರ್ ಒಬ್ಬ ಇವರ ಪಕ್ಕದಲ್ಲೇ ನುಸುಳಿ ಒಳಗೆ ಹೋದ.

“ಅವ್ನ ಕೋಟೆಲ್ಲಿ?” ಅಂದ ಫಾರ್ಕರ್.

“ಅವ್ರು ಪ್ಯಾಂಟ್ ಹಾಕಿದಾರಲ್ಲ.”

“ಹಂಗಾದ್ರೆ ನಾವು ಕಿಲ್ಟ್ ಬಿಚ್ಚಿಟ್ಟು ಬರ್ತೀವಿ, ಬಿಡ್ತೀರಾ?” ಅಂತ ಅಲಿಕ್ ಬಹಳ ಮರ್ಯಾದೆಯಿಂದ ಕೇಳಿದ.

ಬಿಡಲಿಲ್ಲ. ಇಬ್ಬರೂ ಹೊರಗೆ ಕಾರು ನಿಲ್ಲಿಸುವ ಜಾಗದಲ್ಲೇ, ಕಿಟಕಿಯಿಂದ ಬರುತ್ತಿದ್ದ ಅಕಾರ್ಡಿಯನ್ ಸದ್ದಿಗೆ, ಒಬ್ಬರನ್ನೊಬ್ಬರು ಹಿಡಿದು ಕುಣಿದರು. ಅಂಚೆ ಕಚೇರಿಯ ಪೆಗಿ ಕಿಟಕಿಯಿಂದ ನೋಡಿ, ನಗು ತಡೆಯಲಾರದೆ ಹೊರಗೆ ಬಂದು ಸೇರಿಕೊಂಡಳು. ಮುಂದಿನ ವಸಂತದಲ್ಲಿ ಅವಳು ಫಾರ್ಕರ್‌ನನ್ನು ಮದುವೆಯಾದಳು. ಹಾಗಾಗಿ ಆ ಬೋರ್ಡಿನಿಂದ ನಷ್ಟವೇನೂ ಆಗಲಿಲ್ಲ ಅನ್ನಬಹುದು. ಆದರೆ ಫಾರ್ಕರ್ ಅದನ್ನು ಹಾಗೆ ನೋಡುವವನಲ್ಲ. ಹೆಂಡತಿ ಸಿಕ್ಕಿದ್ದು ಬೇರೆ, ಅವಮಾನ ಬೇರೆ. ಆ ಹೋಟೆಲಿಗೆ ಅವನು ಆಮೇಲೆ ಕಾಲಿಡಲೇ ಇಲ್ಲ.

ಕಿಲ್ಟಿನ ಅಭ್ಯಾಸ ಹತ್ತಿಸಿದ್ದು ಅಲಿಕ್. ಇಬ್ಬರೂ ಗುಡ್ಡದ ಮೇಲೆ ಸಸಿ ನೆಡುವ ಗುಂಪಿನಲ್ಲಿದ್ದರು. ಅಲ್ಲಿ ಸೊಂಟದೆತ್ತರದ ಜರಿಗಿಡ, ಅದರ ಮೇಲೆ ಸದಾ ನೀರು. ಹತ್ತು ಹೆಜ್ಜೆ ನಡೆದರೆ ಪ್ಯಾಂಟು ನೆನೆದು ತೊಡೆಗೆ ಅಂಟಿ, ಇಡೀ ದಿನ ಒದ್ದೆ ಚರ್ಮ ಹೊತ್ತು ತಿರುಗಿದಂತೆ ಆಗುತ್ತಿತ್ತು. ಅಲಿಕ್ ಒಂದು ಬೆಳಿಗ್ಗೆ ತನ್ನ ಅಜ್ಜನ ಕಿಲ್ಟ್ ಉಟ್ಟು ಬಂದ. ಗುಂಪಿನವರೆಲ್ಲ ಸೀಟಿ ಹೊಡೆದರು. ಮಧ್ಯಾಹ್ನದ ಚಹಾದ ಹೊತ್ತಿಗೆ ಅವರೆಲ್ಲ ಪ್ಯಾಂಟು ಹಿಂಡುತ್ತಿದ್ದರು, ಅಲಿಕ್ ಮೊಣಕಾಲು ಒರೆಸಿಕೊಂಡು ಆರಾಮಾಗಿ ಕೂತಿದ್ದ. ದಪ್ಪ ಉಣ್ಣೆ, ಹಿಂದೆಲ್ಲ ನೆರಿಗೆ, ಕೂತರೆ ಹಾಸಿಗೆ, ಗಾಳಿ ಬಂದರೆ ಹೊದಿಕೆ. ಮುಂದಿನ ವಾರ ಫಾರ್ಕರ್ ತನ್ನಪ್ಪನ ಕಿಲ್ಟ್ ಪೆಟ್ಟಿಗೆಯಿಂದ ತೆಗೆದ. ಅಂದಿನಿಂದ ನಲವತ್ತು ವರ್ಷ ಇಬ್ಬರೂ ಬೇರೇನೂ ಉಡಲಿಲ್ಲ.

ಮೇಲೆ? ಮೇಲೆ ಕೈಗೆ ಸಿಕ್ಕಿದ್ದು. ಚಳಿಗೆ ಕೆಂಪು ಚೌಕಳಿ ಅಂಗಿ, ಸೆಖೆಗೆ ಕಾಲರಿಲ್ಲದ ಬೂದು ಅಂಗಿ, ಶನಿವಾರ ಹಾಕಿಯಂಥ ಶಿಂಟಿ ಆಟದ ಪಂದ್ಯವಿದ್ದರೆ ಊರಿನ ತಂಡದ ಜೆರ್ಸಿ. ಅಲಿಕ್‌ಗೆ ಒಂದು ಹಸಿರು ಅಂಗಿ ಇತ್ತು. ಮೊಣಕೈಗೆ ಅವನ ಅಕ್ಕ ಡೋಲಿನಾ ಎರಡು ಸಲ ತೇಪೆ ಹಾಕಿದ್ದಳು. ಅದನ್ನು ತೊಟ್ಟು ಅವನು ಚರ್ಚಿಗೂ ಹೋಗಿಬಿಡುತ್ತಿದ್ದ. ಪಾದ್ರಿ ಒಂದು ಮಾತೂ ಆಡಿದವರಲ್ಲ. ಪಾದ್ರಿಗಳಿಗೆ ಇಲ್ಲದ ತೊಂದರೆ ಊರಿನ ಹೊರಗಿನವರಿಗೆ ಯಾಕೋ ಇರುತ್ತಿತ್ತು. ಬೇಸಿಗೆಯಲ್ಲಿ ಪೇಟೆಗಳಿಂದ ಬಂದವರು, ವರ್ಷಕ್ಕೊಂದು ಮದುವೆಗೆ ಬಾಡಿಗೆ ಕಿಲ್ಟ್ ಉಟ್ಟು ಬೆಳ್ಳಿ ಗುಂಡಿಯ ಕರಿ ಕೋಟಿನಲ್ಲಿ ಬಿಗಿದುಕೊಂಡು ನಿಲ್ಲುವವರು, ಇವರನ್ನು ರಸ್ತೆಯಲ್ಲಿ ನಿಲ್ಲಿಸಿ “ಅದರ ಮೇಲೆ ಇದನ್ನ ಹಾಕಬಾರದು” ಅನ್ನುವರು. ನಲವತ್ತು ವರ್ಷ ಉಟ್ಟವನಿಗೆ ನಾಲ್ಕು ಗಂಟೆ ಉಟ್ಟವನ ಪಾಠ. ಇಂಥವರಿಗೆ ಫಾರ್ಕರ್ ಒಂದೇ ಉತ್ತರ ಇಟ್ಟಿದ್ದ: “ನಿಂದು ಸಂಜೆ ವಾಪಸ್ ಕೊಡ್ಬೇಕಲ್ವಾ? ಹೋಗು, ತಡ ಆಗತ್ತೆ.”

ಕಳೆದ ಬೇಸಿಗೆಯಲ್ಲಿ ಅಲಿಕ್ ಹಾಸಿಗೆ ಹಿಡಿದ. ಇನ್ವರ್ನೆಸ್ಸಿನ ಆಸ್ಪತ್ರೆಯವರು ಇನ್ನೇನೂ ಮಾಡುವುದಕ್ಕಿಲ್ಲವೆಂದು ಮನೆಗೆ ಕಳಿಸಿದರು. ಫಾರ್ಕರ್ ಪ್ರತಿ ಮಧ್ಯಾಹ್ನ ಹೋಗಿ ಕೂರುತ್ತಿದ್ದ. ಒಂದು ದಿನ ಅಲಿಕ್ ತಾನಾಗಿಯೇ ಹಗ್ಗದ ಮಾತು ತೆಗೆದ.

ನಮ್ಮ ಕಡೆ ಶವದ ಪೆಟ್ಟಿಗೆಯನ್ನು ಕೂಲಿಯವರು ಇಳಿಸುವುದಿಲ್ಲ. ಪೆಟ್ಟಿಗೆಗೆ ಎಂಟು ಹಗ್ಗ ಇರುತ್ತವೆ, ಪ್ರತಿ ಹಗ್ಗಕ್ಕೂ ಒಬ್ಬ ಹತ್ತಿರದವನು. ತಲೆಯ ಕಡೆಯದು ಒಂದನೇ ಹಗ್ಗ, ಅದು ರಕ್ತಸಂಬಂಧಿಗೆ. ಕಾಲಿನ ಕಡೆಯದು ಎರಡನೆಯದು. ಯಾರಿಗೆ ಯಾವ ಹಗ್ಗ ಅನ್ನುವುದರಲ್ಲೇ ಸತ್ತವನಿಗೆ ಯಾರು ಏನಾಗಿದ್ದರು ಎಂದು ಊರಿಗೆ ಗೊತ್ತಾಗುತ್ತದೆ. ಹಗ್ಗ ಸಿಗಲಿಲ್ಲ ಎಂದು ಇಪ್ಪತ್ತು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರು ಇದೇ ಕೊಲ್ಲಿಯ ಆಚೆ ದಡದಲ್ಲಿ ಇದ್ದಾರೆ.

“ಕಾಲಿನ ಕಡೇದು ನಿಂದು,” ಅಂದ ಅಲಿಕ್. “ಮರ ಹೊರುವಾಗ ಹಿಂದಿನ ತುದಿ ಯಾವಾಗ್ಲೂ ನೀನೇ ಹಿಡಿತಿದ್ದಿದ್ದು.”

“ಮುಂದಿನ ತುದಿ ನೀನು ಬಿಟ್ಟುಕೊಟ್ರೆ ತಾನೇ.”

“ಹಿಂದೆ ನಿಂತು ಬೈಯೋದೂ ನಿನ್ ಕೆಲಸಾನೇ ಆಗಿತ್ತು. ಅವತ್ತು ಬೈಬೇಡ, ಪಾದ್ರಿ ಇರ್ತಾರೆ.” ಸ್ವಲ್ಪ ಉಸಿರು ತೆಗೆದುಕೊಂಡು ಸೇರಿಸಿದ, “ನನ್ನ ಹಸಿರಂಗೀಲೇ ಕಳಿಸೋಕೆ ಹೇಳು ಡೋಲಿನಾಗೆ. ತೇಪೆ ಇದ್ರೂ ಇರ್ಲಿ.”

ಡೋಲಿನಾ ಅಲ್ಲೇ ಚಹಾ ಬಗ್ಗಿಸುತ್ತಿದ್ದಳು. “ಕೇಳಿಸ್ತು, ಕೇಳಿಸ್ತು,” ಅಂದಳು.

ಅಕ್ಟೋಬರಿನಲ್ಲಿ ಅಲಿಕ್ ಹೋದ. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ತೀರಿಹೋದ ಅಣ್ಣನ ಮಗ ರಾಡ್ರಿಕ್ ಎಡಿನ್‌ಬರೋದಿಂದ ಬಂದು ಇಳಿದ. ಮ್ಯಾಥೆಸನ್ ವಂಶದವರ ಸಂಘವೊಂದರಲ್ಲಿ ಅವನಿಗೆ ಏನೋ ಹುದ್ದೆ. ಕೆಟ್ಟವನೇನಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕೆಟ್ಟವನಲ್ಲದವನು ಎಷ್ಟು ಹಾಳು ಮಾಡಬಹುದು ಎಂಬುದನ್ನು ಆ ಮೂರು ದಿನದಲ್ಲಿ ಕಿಲ್ಡೊರಿ ನೋಡಿತು. ಡೋಲಿನಾಗೆ ಎಪ್ಪತ್ತೈದು, ಅತ್ತು ಸುಸ್ತಾಗಿದ್ದಳು. “ನೀವು ಕೂತ್ಕೊಳಿ ಅತ್ತೆ, ಎಲ್ಲ ನಾನು ನೋಡ್ಕೋತೀನಿ,” ಅಂದ ರಾಡ್ರಿಕ್. ನೋಡಿಕೊಂಡ.

ಸತ್ತವನನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಮನೆಯವರೆಲ್ಲ ಪ್ರಾರ್ಥನೆ ಹೇಳುವ ಮಧ್ಯಾಹ್ನ ಫಾರ್ಕರ್ ಮತ್ತು ಪೆಗಿ ಹೋದರು. ಫಾರ್ಕರ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ಪೆಟ್ಟಿಗೆಯ ಬಳಿ ಬಂದ. ಒಳಗಿದ್ದವನನ್ನು ಗುರುತಿಸಲು ಅವನಿಗೆ ಒಂದು ಕ್ಷಣ ಬೇಕಾಯಿತು. ಬೆಳ್ಳಿ ಗುಂಡಿಯ ಗಿಡ್ಡ ಕರಿ ಕೋಟು. ಒಳಗೆ ಗಂಜಿ ಹಾಕಿದ ಬಿಳಿ ಅಂಗಿ. ಕುತ್ತಿಗೆಗೆ ಬೋ ಟೈ. ಅಲಿಕ್‌ನ ಕುತ್ತಿಗೆ ಬಿಸಿಲಿಗೂ ಗಾಳಿಗೂ ಸುಟ್ಟು ಕೆಂಚಗಾಗಿದ್ದ ಕುತ್ತಿಗೆ. ಅದರ ಮೇಲೆ ಆ ಟೈ ಉಡುಗೊರೆಗೆ ಕಟ್ಟಿದ ರಿಬ್ಬನ್ನಿನಂತೆ ಕಂಡಿತು.

“ಇದ್ಯಾರು ಮಾಡಿದ್ದು?” ಅಂದ ಫಾರ್ಕರ್.

“ಚೆನ್ನಾಗಿ ಕಾಣ್ತಾರೆ ಅಲ್ವಾ?” ರಾಡ್ರಿಕ್ ಮೆಲ್ಲಗೆ ಹೇಳಿದ. “ಬಾಡಿಗೇದಲ್ಲ, ಹೊಸದೇ ತಂದೆ.”

“ಹಸಿರು ಅಂಗಿ ಎಲ್ಲಿ?”

“ಅದಾ… ಅದು ಹರಿದಿತ್ತು, ಮಿಸ್ಟರ್ ಮ್ಯಾಕ್ರೇ. ಚಿಕ್ಕಪ್ಪ ಬದುಕೆಲ್ಲ ಕಷ್ಟದಲ್ಲೇ ಕಳೆದ್ರು. ಕೊನೇದಾಗಾದ್ರೂ ಸರಿಯಾಗಿ ಉಡ್ಲಿ ಅಂತ.”

ಫಾರ್ಕರ್ ಡೋಲಿನಾಳ ಕಡೆ ನೋಡಿದ. ಅವಳು ಕೈಯಲ್ಲಿದ್ದ ಕರವಸ್ತ್ರವನ್ನೇ ನೋಡುತ್ತಿದ್ದಳು. “ನನ್ನ ಕೇಳ್ಲಿಲ್ಲ ಫಾರ್ಕರ್. ಬೆಳಗ್ಗೆ ಎದ್ದು ನೋಡಿದ್ರೆ ಹಿಂಗೆ ಮಾಡಿ ಆಗಿತ್ತು. ಮತ್ತೆ ಅವನ ಮೈ ಮುಟ್ಟಿ ಬಿಚ್ಚಿಸೋದಕ್ಕೆ ನನಗೆ ಧೈರ್ಯ ಬರ್ಲಿಲ್ಲ.”

ಯಾವ ಕಷ್ಟ? ಅಲಿಕ್ ಕಷ್ಟದಲ್ಲಿದ್ದಾನೆ ಎಂದು ಇವನಿಗೆ ಹೇಳಿದವರಾರು? ಎಂಟು ವರ್ಷದಲ್ಲಿ ಒಂದು ಸಲ ಬಂದು, ಮುರಿದ ಗೇಟು ನೋಡಿ, ತೇಪೆ ನೋಡಿ ಹೋದವನು. ಅಲಿಕ್ ಆ ಅಂಗಿಯಲ್ಲಿ ಇಡೀ ಬೆಟ್ಟ ನೆಟ್ಟಿದ್ದ. ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಕಾಣುತ್ತಿತ್ತು, ಕಡುಹಸಿರಾಗಿ, ಕೊಲ್ಲಿಯ ತುದಿಯವರೆಗೆ. ಇದನ್ನೆಲ್ಲ ಫಾರ್ಕರ್ ಆಮೇಲೆ ಪೆಗಿಗೆ ಹೇಳಿದ. ಅಲ್ಲಿ, ಪೆಟ್ಟಿಗೆಯ ಪಕ್ಕದಲ್ಲಿ, ಪಾದ್ರಿ ಪುಸ್ತಕ ತೆರೆದಿದ್ದರು. ಅವನು ಹಲ್ಲು ಕಚ್ಚಿ ನಿಂತ.

ಪ್ರಾರ್ಥನೆ ಮುಗಿದ ಮೇಲೆ ರಾಡ್ರಿಕ್ ಅವನನ್ನು ಅಂಗಳಕ್ಕೆ ಕರೆದ.

“ಎರಡನೇ ಹಗ್ಗ ನಿಮಗೆ ಅಂತ ಅತ್ತೆ ಹೇಳಿದ್ರು. ನಂಗೇನೂ ಅಭ್ಯಂತರ ಇಲ್ಲ. ಆದ್ರೆ ಹಗ್ಗ ಹಿಡಿಯೋರೆಲ್ಲ ಒಂದೇ ಥರ ಬರ್ತಿದ್ದೀವಿ. ಕರಿ ಕೋಟು. ನಿಮ್ಮ ಅಳತೇದು ಒಂದು ಕಾರಲ್ಲಿ ಇದೆ.”

“ನನ್ ಹತ್ರ ಅಂಗಿ ಇದೆ.”

“ನೋಡಿದೀನಿ.” ಅವನು ಫಾರ್ಕರ್‌ನ ಎದೆಯ ಕಡೆ ಒಂದು ಸಲ ಕಣ್ಣು ಹಾಯಿಸಿ ತೆಗೆದ. “ಕಿಲ್ಟಿಗೆ ಅಂತ ಒಂದು ಘನತೆ ಇದೆ ಮಿಸ್ಟರ್ ಮ್ಯಾಕ್ರೇ. ಸಂಘದವ್ರು ಬರ್ತಿದ್ದಾರೆ, ಫೋಟೋ ತೆಗೀತಾರೆ. ಕೋಟು ಹಾಕ್ಕೊಳಲ್ಲ ಅಂದ್ರೆ ಬೇಜಾರಿಲ್ಲ, ನೀವು ಸುಮ್ನೆ ಬಂದು ನಿಂತ್ಕೊಳಿ. ಹಗ್ಗ ಸಂಘದವ್ರು ಯಾರಾದ್ರೂ ಹಿಡೀತಾರೆ.”

“ಅವ್ರು ಅಲಿಕ್‌ನ ನೋಡಿದಾರಾ?”

“ಸಂಘದ ಸದಸ್ಯರು ಅಂದ್ಮೇಲೆ ಒಂದೇ ವಂಶ ಅಲ್ವಾ.”

ಹೀಗೆ ಮುಖಕ್ಕೆ ಹೇಳಿದ. ಅಲಿಕ್‌ನನ್ನು ಕಣ್ಣಲ್ಲೂ ಕಾಣದವನು ಅಲಿಕ್‌ನನ್ನು ಇಳಿಸಬಹುದು, ಕೋಟಿದ್ದರೆ ಸಾಕು. ಆದರೂ ಫಾರ್ಕರ್ ಕಾರಿನ ಬಳಿ ಹೋಗಿ, ಪ್ಲಾಸ್ಟಿಕ್ ಕವರಿನಲ್ಲಿ ತೂಗುತ್ತಿದ್ದ ಆ ಕೋಟನ್ನು ತೆಗೆದುಕೊಂಡ. ಯಾಕೆಂದರೆ ಹಗ್ಗ ಬೇಕಿತ್ತು.

ಮನೆಗೆ ಬಂದು ಅದನ್ನು ಹಾಕಿಕೊಂಡು ಅಡುಗೆಮನೆಯಲ್ಲಿ ನಿಂತ. ಭುಜ ಬಿಗಿ, ತೋಳು ಗಿಡ್ಡ. ಕೈ ಎತ್ತಿದರೆ ಹೊಲಿಗೆ ಕಿರುಗುಟ್ಟುತ್ತಿತ್ತು.

“ಪೆಂಗ್ವಿನ್ ಹಂಗೆ ಕಾಣ್ತಿದೀಯ,” ಅಂದಳು ಪೆಗಿ. “ಅದೂ ಮೀನು ಸಿಗದೆ ಇರೋ ಪೆಂಗ್ವಿನ್.”

“ನಗಬೇಡ ಮಾರಾಯ್ತಿ.”

“ನಗ್ತಿಲ್ಲ.” ನಿಜವಾಗಿಯೂ ನಗುತ್ತಿರಲಿಲ್ಲ. “ಅಲಿಕ್‌ಗೆ ಕೊಟ್ಟ ಮಾತು ಹಗ್ಗದ್ದು. ಅಂಗೀದಲ್ಲ.”

“ಗೊತ್ತು.”

“ಗೊತ್ತಿದ್ರೆ ಹಾಕ್ಕೊಂಡು ಹೋಗು. ಒಂದು ಗಂಟೆ. ಹಲ್ಲು ಕೀಳಿಸ್ಕೊಂಡಂಗೆ ಅಂದ್ಕೋ.”

“ಹಲ್ಲು ಕೀಳೋನು ನಿನ್ ಹಲ್ಲಿಗೆ ಘನತೆ ಇಲ್ಲ ಅನ್ನಲ್ಲ ಪೆಗಿ. ಇವ್ನು ಅಂದ.” ಫಾರ್ಕರ್ ಕೋಟು ಬಿಚ್ಚಲು ಹೋದ, ತೋಳು ಸಿಕ್ಕಿಕೊಂಡಿತು, ಅವಳೇ ಎಳೆದು ಬಿಡಿಸಿದಳು. “ಅಲಿಕ್ ಮಲಗಿರೋದು ನೋಡಿದ್ಯಾ? ಮಾಣಿ ಮಾಡಿ ಕಳಿಸ್ತಿದ್ದಾರೆ ಅವ್ನನ್ನ. ಯಾರಿಗೋ ಊಟ ಬಡಿಸೋಕೆ ಹೋಗ್ತಿರೋ ಹಂಗೆ. ಇನ್ನು ನಾನೂ ಹಂಗೇ ನಿಂತ್ರೆ, ಅಲ್ಲಿ ಅಲಿಕ್ ಅನ್ನೋನು ಎಲ್ಲಿದ್ದಾನೆ ಹೇಳು.”

ಪೆಗಿ ಕೆಂಪು ಚೌಕಳಿ ಅಂಗಿ ತೆಗೆದು ಇಸ್ತ್ರಿ ಮಾಡಿದಳು. ಬಿಳಿ ಅಂಗಿ ಮನೆಯಲ್ಲಿ ಇರಲಿಲ್ಲ, ಕೋಟಿನ ಒಳಗೆ ಯಾವುದಾದರೇನು ಎಂದು ಮಾತ್ರ ಹೇಳಿದಳು.

ಮರುದಿನ ಜಿಟಿಜಿಟಿ ಮಳೆ. ಚರ್ಚಿನಿಂದ ಸ್ಮಶಾನ ಒಂದು ಮೈಲಿ, ಏರುದಾರಿ. ಪೆಟ್ಟಿಗೆಯನ್ನು ಊರಿನ ಗಂಡಸರೆಲ್ಲ ಸರದಿಯ ಮೇಲೆ ಹೊತ್ತರು. ಅವರ ಮೈಮೇಲೆ ಮಳೆಕೋಟು, ಸ್ವೆಟರು, ದೋಣಿಯ ಬೂಟು, ಹಳೇ ಪ್ಯಾಂಟು. ಅವರನ್ನು ಯಾರೂ ಏನೂ ಕೇಳಲಿಲ್ಲ. ಮತ್ತೆ ಅದೇ ಕತೆ. ಪ್ಯಾಂಟು ಉಟ್ಟವನ ಮೇಲೆ ಗೋಣಿಚೀಲ ಇದ್ದರೂ ನಡೆಯುತ್ತದೆ, ಕಿಲ್ಟ್ ಉಟ್ಟವನಿಗೆ ಮಾತ್ರ ಕಾಯಿದೆ. ಅದನ್ನು ನಿಜವಾಗಿ ಉಡುವವರನ್ನೇ ಅದರಿಂದ ಓಡಿಸುವ ಕಾಯಿದೆ. ಆಮೇಲೆ ಇದೇ ಜನ ‘ಅಯ್ಯೋ, ಈಗ ಯಾರೂ ಕಿಲ್ಟ್ ಉಡುವುದೇ ಇಲ್ಲ’ ಎಂದು ಸಭೆಗಳಲ್ಲಿ ಭಾಷಣ ಮಾಡುತ್ತಾರೆ.

ಫಾರ್ಕರ್ ಕರಿ ಕೋಟಿನ ಎಲ್ಲ ಗುಂಡಿ ಹಾಕಿಕೊಂಡು ನಡೆದ. ತನ್ನ ಸರದಿ ಬಂದಾಗ ಭುಜ ಕೊಟ್ಟ. ಗೇಟಿನ ಬಳಿ ರಾಡ್ರಿಕ್ ಅವನನ್ನು ನಿಲ್ಲಿಸಿ, ಒಳಗಿನಿಂದ ಇಣುಕುತ್ತಿದ್ದ ಕೆಂಪು ಕಾಲರನ್ನು ಎರಡು ಬೆರಳಲ್ಲಿ ಒಳಗೆ ತೂರಿಸಿ, ತೋಳು ತಟ್ಟಿದ. “ಥ್ಯಾಂಕ್ಯೂ. ಚಿಕ್ಕಪ್ಪನಿಗೂ ಇದೇ ಇಷ್ಟ ಆಗ್ತಿತ್ತು.”

ಸ್ಮಶಾನದ ಗೋಡೆಯ ಬಳಿ ಡೋಲಿನಾಳ ತೋಳು ಹಿಡಿದು ನಿಂತಿದ್ದ ಪೆಗಿಗೆ ಮಾತ್ರ ಫಾರ್ಕರ್‌ನ ಕತ್ತು ಕೆಂಪಾದದ್ದು ಕಾಣಿಸಿತು.

ಪೆಟ್ಟಿಗೆಯನ್ನು ಗುಂಡಿಯ ಮೇಲಿನ ಹಲಗೆಗಳ ಮೇಲೆ ಇಟ್ಟರು. ಶವದ ಏರ್ಪಾಡಿನ ವಿಲಿ ಟೋಪಿ ತೆಗೆದು ತಲೆಯ ಕಡೆ ನಿಂತ. ಊರಲ್ಲಿ ಮೂವತ್ತು ವರ್ಷದಿಂದ ಎಲ್ಲರನ್ನೂ ಕಳಿಸಿಕೊಟ್ಟವನು ಅವನೇ.

“ಒಂದು. ರಾಡ್ರಿಕ್ ಮ್ಯಾಥೆಸನ್.”

ರಾಡ್ರಿಕ್ ಮುಂದೆ ಬಂದು ತಲೆಯ ಕಡೆಯ ಹಗ್ಗ ಎತ್ತಿ, ಕೈಗೆ ಒಂದು ಸುತ್ತು ಸುತ್ತಿ, ಬಿಗಿ ಮಾಡಿ ನಿಂತ. ಒಂದನೇ ಹಗ್ಗ ಹಿಡಿದವನು ಆಮೇಲೆ ಅಲುಗಾಡುವಂತಿಲ್ಲ.

“ಎರಡು. ಫಾರ್ಕರ್ ಮ್ಯಾಕ್ರೇ.”

ಫಾರ್ಕರ್ ಕಾಲಿನ ಕಡೆಗೆ ನಡೆದ. ಹಗ್ಗಕ್ಕೆ ಬಗ್ಗಿದ. ಕೋಟಿನ ಬೆನ್ನು ಬಿಗಿದು ಎಳೆಯಿತು. ಹಲಗೆಯ ಮೇಲಿನ ಪೆಟ್ಟಿಗೆ ಅವನ ಮುಖದ ಹತ್ತಿರವೇ ಇತ್ತು. ಅದರೊಳಗಿನ ಬಿಳಿ ಅಂಗಿ, ಆ ಟೈ, ಎರಡೂ ಮುಚ್ಚಳದ ಮೂಲಕವೇ ಕಂಡಂತೆ ಅವನಿಗೆ ಕಂಡವು. ನಮ್ಮಿಬ್ಬರಲ್ಲಿ ಒಬ್ಬನಾದರೂ ಇವತ್ತು ತನ್ನ ಬಟ್ಟೆಯಲ್ಲಿ ಇರಬೇಕು ಅನ್ನಿಸಿತು. ಅವನು ಹಗ್ಗ ಮುಟ್ಟದೆ ನೆಟ್ಟಗೆ ನಿಂತ. ಒಂದೊಂದೇ ಗುಂಡಿ ಬಿಚ್ಚಿ, ತೋಳು ಎಳೆದು, ಕೋಟನ್ನು ಮಡಚಿ ಅಗೆದ ಮಣ್ಣಿನ ಗುಡ್ಡೆಯ ಮೇಲೆ ಇಟ್ಟ. ಕೆಂಪು ಚೌಕಳಿ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದ. ಆಮೇಲೆ ಬಗ್ಗಿ ಹಗ್ಗ ಎತ್ತಿಕೊಂಡ.

ಫೋಟೋ ತೆಗೆಯುತ್ತಿದ್ದವನು ಕ್ಯಾಮೆರಾ ಇಳಿಸಿದ.

“ಕೋಟು,” ಅಂದ ರಾಡ್ರಿಕ್ ಆ ತುದಿಯಿಂದ, ತುಟಿ ಅಲುಗದ ಹಾಗೆ.

ಫಾರ್ಕರ್ ಹಗ್ಗ ಬಿಗಿ ಮಾಡಿದ.

“ವಿಲಿ, ಎರಡನೇದು ಬೇರೆಯವ್ರಿಗೆ ಕರೀರಿ. ಸಂಘದವ್ರಿದ್ದಾರೆ, ನೋಡಿ, ಅಲ್ಲಿ.”

“ಕರೆದಾಯ್ತು ಸಾರ್,” ಅಂದ ವಿಲಿ. “ಕರೆದು, ಅವ್ನು ಎತ್ತಿಕೊಂಡಾಯ್ತು. ಕೈಲಿರೋ ಹಗ್ಗಾನ ವಾಪಸ್ ಇಸ್ಕೊಳೋದು ನಮ್ಮಲ್ಲಿಲ್ಲ.” ಅವನು ರಾಡ್ರಿಕ್‌ನ ಮುಖ ನೋಡದೆಯೇ ಮುಂದುವರಿಸಿದ. “ಮೂರು.”

ಮೂರು ಬಂತು, ನಾಲ್ಕು ಬಂತು. ಅವರ್ಯಾರೂ ಕೋಟು ಬಿಚ್ಚಲಿಲ್ಲ. ಅವರು ಬಿಚ್ಚಲಿ ಎಂದು ಫಾರ್ಕರ್ ಬಯಸಿಯೂ ಇರಲಿಲ್ಲ. ಎಂಟು ಆದ ಮೇಲೆ ವಿಲಿ ತಲೆಯಾಡಿಸಿದ, ಹಲಗೆ ಎಳೆದರು, ಅಲಿಕ್‌ನ ಭಾರವೆಲ್ಲ ಕೈಗಳಿಗೆ ಬಂತು. ಫಾರ್ಕರ್ ಕಾಲು ಅಗಲಿಸಿ ಊರಿ, ತಲೆಯ ಕಡೆಗಿಂತ ಒಂದು ಗೇಣೂ ಮೇಲೆ ಬಾರದಂತೆ, ಕೆಳಗೂ ಹೋಗದಂತೆ, ಅಂಗೈಯಲ್ಲಿ ಹಗ್ಗ ಜಾರಿಸುತ್ತ ಹೋದ. ಎದುರಿಗೆ ರಾಡ್ರಿಕ್. ಒಂದೇ ಪೆಟ್ಟಿಗೆಯ ಎರಡು ತುದಿ ಹಿಡಿದು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಇಳಿಸಿದರು. ರಾಡ್ರಿಕ್‌ನ ಕಣ್ಣಲ್ಲಿ ನೀರಿತ್ತು. ಸಿಟ್ಟಿನದ್ದೋ ಚಿಕ್ಕಪ್ಪನದ್ದೋ ಫಾರ್ಕರ್‌ಗೆ ತಿಳಿಯಲಿಲ್ಲ, ತಿಳಿಯುವ ಮನಸ್ಸೂ ಇರಲಿಲ್ಲ. ಪೆಟ್ಟಿಗೆ ತಳ ಮುಟ್ಟಿತು. ಹಗ್ಗದ ತುದಿಗಳನ್ನು ಒಳಗೆ ಬಿಟ್ಟರು.

ಪ್ರಾರ್ಥನೆ ಮುಗಿದದ್ದೇ ರಾಡ್ರಿಕ್ ಬಳಸಿಕೊಂಡು ಬಂದ.

“ನಾನು ಅಷ್ಟು ಕೇಳ್ಕೊಂಡೆ. ಎಲ್ಲರ ಮುಂದೆ ಹಿಂಗೆ ಮಾಡಬಾರದಿತ್ತು.”

“ನೀನೂ ಮಾಡಬಾರದಿತ್ತು.”

“ನಾನೇನ್ ಮಾಡ್ದೆ? ಮರ್ಯಾದೆಯಿಂದ ಕಳಿಸಿದೆ ಅವರನ್ನ.”

“ಯಾರನ್ನ?” ಅಂದ ಫಾರ್ಕರ್. ಅವನ ದನಿ ಈಗ ಏರಿತು, ಗೋಡೆಯ ಬಳಿಯ ಹೆಂಗಸರಿಗೂ ಕೇಳಿಸುವಷ್ಟು. “ಒಳಗಿರೋನು ಅಲಿಕ್ ಅನ್ನೋದು ನನಗೆ ಅವನ ಮೂಗು ನೋಡಿ ಗೊತ್ತಾಯ್ತು. ಅವ್ನು ಕೇಳಿದ್ದು ಒಂದು ಹಳೇ ಅಂಗಿ. ಒಂದೇ ಒಂದು ಅಂಗಿ. ಅದನ್ನ ಕೊಡೋಕೆ ನಿನ್ನ ಕೈಲಿ ಆಗ್ಲಿಲ್ಲ. ಯಾಕೆ? ಯಾರೋ ಫೋಟೋದಲ್ಲಿ ನೋಡ್ತಾರೆ ಅಂತ. ನೀನು ನಾಚ್ಕೊಂಡಿದ್ದು ಅಂಗಿಗಲ್ಲ ಮರಿ, ಅವನಿಗೆ.”

“ಅವ್ರು ಕೇಳಿದ್ರು ಅಂತ ನನಗೆ ಯಾರೂ ಹೇಳ್ಲಿಲ್ಲ,” ಅಂದ ರಾಡ್ರಿಕ್.

“ನೀನು ಯಾರನ್ನ ಕೇಳ್ದೆ?”

ಡೋಲಿನಾ ಗೋಡೆ ಬಿಟ್ಟು ನಿಧಾನಕ್ಕೆ ಬಂದು, ಮಣ್ಣಿನ ಗುಡ್ಡೆಯ ಮೇಲಿನ ಕೋಟು ಎತ್ತಿ, ಕೊಡವಿ, ಅಣ್ಣನ ಮಗನ ತೋಳಿನ ಮೇಲೆ ಹಾಕಿದಳು. “ಮನೆಗೆ ನಡಿ. ಸಾರು ಕಾಯ್ತಿದೆ. ನಾಳೆ ನೀನು ಹೊರಡೋ ಮುಂಚೆ ನಾನೂ ನಿಂಗೆ ಒಂದೆರಡು ಹೇಳೋದಿದೆ.”

ನಮ್ಮಲ್ಲಿ ಗುಂಡಿ ಮುಚ್ಚುವುದೂ ಊರಿನವರೇ. ಸಲಿಕೆಗಳು ಗೋಡೆಗೆ ಒರಗಿದ್ದವು. ಫಾರ್ಕರ್ ಒಂದನ್ನು ತೆಗೆದುಕೊಂಡ. ಹಗ್ಗ ಸಿಕ್ಕಿತ್ತು, ಕೊಟ್ಟ ಮಾತು ನಡೆದಿತ್ತು. ಆದರೂ ಸಿಟ್ಟು ಇಳಿದಿರಲಿಲ್ಲ, ಮೊದಲ ಸಲಿಕೆ ಮಣ್ಣು ಬಿದ್ದ ಸದ್ದಿಗೆ ಇನ್ನೂ ಏರಿತು. ಆ ಟೈ ಇನ್ನು ಅಲ್ಲೇ ಇರುತ್ತದೆ. ಅದನ್ನು ಬಿಚ್ಚುವವರು ಇನ್ನು ಯಾರೂ ಇಲ್ಲ.

“ಮೆಲ್ಲಗೆ ಹಾಕು,” ಅಂದಳು ಪೆಗಿ ಹಿಂದಿನಿಂದ. “ಅವ್ನ ಮೇಲಲ್ಲ ನಿನ್ ಸಿಟ್ಟು.”

ಫಾರ್ಕರ್ ಸಲಿಕೆ ನಿಲ್ಲಿಸಿ ಉಸಿರು ತೆಗೆದುಕೊಂಡ. ಮಳೆಗೆ ಅಂಗಿ ಬೆನ್ನಿಗೆ ಅಂಟಿತ್ತು. ಆಮೇಲೆ ಅವನು ಮೆಲ್ಲಗೆ ಹಾಕಿದ.